ಬಯಲಿನಲ್ಲಿ ಸೂರ್ಯನಮಸ್ಕಾರ

ಸೂರ್ಯನಮಸ್ಕಾರವು ನಿಲ್ಲುವುದು, ಬಾಗುವುದು, ನೆಲಕ್ಕೆ ಒರಗುವುದು, ಎದೆ ಎತ್ತುವುದು, ಮತ್ತೆ ಏಳುವುದು ಇವನ್ನು ಉಸಿರಿನ ಲಯಕ್ಕೆ ಹೊಂದಿಸಿ ಒಂದರ ಬೆನ್ನಿಗೊಂದು ಮಾಡುವ ವ್ಯಾಯಾಮ ಸರಣಿ. ರೂಢಿಯಲ್ಲಿ ಇದನ್ನು ನಸುಕಿನಲ್ಲಿ, ಬರಿಹೊಟ್ಟೆಯಲ್ಲಿ, ಪೂರ್ವಕ್ಕೆ ಮುಖ ಮಾಡಿ, ಅಂಗಳ, ಮಾಳಿಗೆ, ಶಾಲೆಯ ಮೈದಾನ ಅಥವಾ ಕೆರೆಯ ದಂಡೆಯಂಥ ತೆರೆದ ಜಾಗದಲ್ಲಿ ಮಾಡುತ್ತಾರೆ. ಉತ್ತರ ಕರ್ನಾಟಕದ ಮಾತಿನಲ್ಲಿ ಇದಕ್ಕೆ ‘ನಮಸ್ಕಾರ ಹಾಕುವುದು’ ಎಂದೇ ಹೆಸರು. ಜಾತ್ರೆಗಳಲ್ಲಿ ಹರಕೆ ಹೊತ್ತವರು ಗುಡಿಯ ಸುತ್ತ ಹಾಕುವ ದೀಡ ನಮಸ್ಕಾರ ಬೇರೆ. ಅದು ವ್ಯಾಯಾಮವಲ್ಲ, ಸೇವೆ. ಚೀನಾದಲ್ಲಿ ಬೆಳಗಿನ ಉದ್ಯಾನಗಳಲ್ಲಿ ತಾಯ್ ಚಿಗೆ ಇರುವ ಸ್ಥಾನಕ್ಕೆ ಕರ್ನಾಟಕದಲ್ಲಿ ಅತಿ ಹತ್ತಿರವಾಗಿ ಸಲ್ಲುವ ಅಭ್ಯಾಸ ಇದು. ಇದರಿಂದ ಸಿಗುವ ಪ್ರಯೋಜನಕ್ಕೆ ಮೂರು ಮೂಲಗಳಿವೆ: ದೇಹದ ಚಲನೆ, ಉಸಿರು ಮತ್ತು ಗಮನದ ಶಿಸ್ತು, ಬಯಲಿನ ಬೆಳಕು ಮತ್ತು ಗಾಳಿ. ಮೂರರ ಪಾಲೂ ಬೇರೆ ಬೇರೆ, ಅವುಗಳಿಗಿರುವ ಪುರಾವೆಯ ಬಲವೂ ಬೇರೆ ಬೇರೆ.

ಸ್ವರೂಪ

ಹೆಚ್ಚು ಪ್ರಚಲಿತವಾದ ಕ್ರಮದಲ್ಲಿ 12 ಹಂತಗಳಿವೆ. ಕೈಜೋಡಿಸಿ ನಿಲ್ಲುವ ಪ್ರಣಾಮಾಸನದಿಂದ ತೊಡಗಿ ತೋಳು ಮೇಲೆತ್ತಿ ಹಿಂದಕ್ಕೆ ಬಾಗುವ ಹಸ್ತ ಉತ್ತಾನಾಸನ, ಮುಂದಕ್ಕೆ ಬಾಗಿ ಅಂಗೈಯನ್ನು ಪಾದದ ಪಕ್ಕಕ್ಕೆ ತರುವ ಪಾದಹಸ್ತಾಸನ, ಒಂದು ಕಾಲನ್ನು ಹಿಂದಕ್ಕೆ ಚಾಚುವ ಅಶ್ವಸಂಚಲನ, ಸೊಂಟ ಮೇಲೆತ್ತುವ ಪರ್ವತಾಸನ, ಎಂಟು ಅಂಗ ನೆಲಕ್ಕೆ ತಾಗುವ ಅಷ್ಟಾಂಗ ನಮಸ್ಕಾರ, ಎದೆ ಎತ್ತುವ ಭುಜಂಗಾಸನ ಇವು ಮೊದಲಾಗಿ ಬರುತ್ತವೆ. ಆಮೇಲೆ ಅದೇ ಭಂಗಿಗಳು ಹಿಮ್ಮುಖವಾಗಿ ಬಂದು ನಿಲುವಿಗೆ ಮರಳುತ್ತವೆ. ಒಮ್ಮೆ ಬಲಗಾಲು, ಇನ್ನೊಮ್ಮೆ ಎಡಗಾಲು ಹಿಂದಕ್ಕೆ ಹೋದರೆ ಒಂದು ಪೂರ್ಣ ಸುತ್ತು. ಮೈಸೂರಿನ ಪಟ್ಟಾಭಿ ಜೋಯಿಸರ ಅಷ್ಟಾಂಗ ಪದ್ಧತಿಯಲ್ಲಿ ಇದಕ್ಕೆ ಎರಡು ರೂಪಗಳಿದ್ದು, ಮೊದಲನೆಯದರಲ್ಲಿ 9, ಎರಡನೆಯದರಲ್ಲಿ 17 ವಿನ್ಯಾಸಗಳು (ಹಂತಗಳು) ಇವೆ.

ಉಸಿರಿನ ಸೂತ್ರ ಸರಳ. ಎದೆ ತೆರೆಯುವಾಗ ಉಸಿರು ಒಳಕ್ಕೆ, ಹೊಟ್ಟೆ ಮಡಿಯುವಾಗ ಹೊರಕ್ಕೆ. ಸಂಪ್ರದಾಯಸ್ಥರು ಪ್ರತಿ ನಮಸ್ಕಾರಕ್ಕೂ ಮಿತ್ರ, ರವಿ, ಸೂರ್ಯ, ಭಾನು ಎಂದು ತೊಡಗುವ 12 ನಾಮಗಳಲ್ಲಿ ಒಂದನ್ನು ಹೇಳುತ್ತಾರೆ. ನಾಮ ಹೇಳದೆಯೂ ಅಭ್ಯಾಸ ನಡೆಯುತ್ತದೆ. ದೇಹದ ಮೇಲಿನ ಪರಿಣಾಮ ಅದನ್ನು ಅವಲಂಬಿಸಿಲ್ಲ.

ಇತಿಹಾಸ

ಸೂರ್ಯನಿಗೆ ಅರ್ಘ್ಯ ಕೊಟ್ಟು ನಮಿಸುವುದು ಪ್ರಾಚೀನ ಪದ್ಧತಿ. ಆದರೆ ಇಂದು ಕಾಣುವ ವ್ಯಾಯಾಮ ಸರಣಿ ಸಂಘಟಿತ ರೂಪ ಪಡೆದದ್ದು 20ನೆಯ ಶತಮಾನದ ಮೊದಲ ದಶಕಗಳಲ್ಲಿ. ಅದರ ಒಂದು ಬೇರು ಗರಡಿಮನೆಯಲ್ಲಿದೆ. ಪೈಲ್ವಾನರು ಸಾಮು ಮಾಡುವಾಗ ಹೊಡೆಯುವ ದಂಡದಲ್ಲಿ ಸೊಂಟ ಎತ್ತಿ, ಎದೆಯನ್ನು ನೆಲದ ಹತ್ತಿರ ಜಾರಿಸಿ, ತಲೆ ಮೇಲೆತ್ತುವ ಚಲನೆಯಿದೆ. ಪರ್ವತಾಸನದಿಂದ ಭುಜಂಗಾಸನದವರೆಗಿನ ಭಾಗ ಬಹುಮಟ್ಟಿಗೆ ಇದೇ. ಮರಾಠಿ ಸೀಮೆಯಲ್ಲಿ ಈ ಅಭ್ಯಾಸವನ್ನು 17ನೆಯ ಶತಮಾನದ ಸಮರ್ಥ ರಾಮದಾಸರ ಪರಂಪರೆಗೆ ಜೋಡಿಸುವ ಪ್ರತೀತಿಯೂ ಇದೆ.

ಇದನ್ನು ಊರೂರಿಗೆ ಮುಟ್ಟಿಸಿದವರಲ್ಲಿ ಮುಖ್ಯರು ಔಂಧ್ ಸಂಸ್ಥಾನದ ಅರಸ ಭವಾನರಾವ್ ಪಂತ ಪ್ರತಿನಿಧಿ (1868–1951). ಮೊದಲು ಯುರೋಪಿನ ಸ್ಯಾಂಡೋ ಪದ್ಧತಿಯಲ್ಲಿ ಕಸರತ್ತು ಮಾಡುತ್ತಿದ್ದ ಅವರು ಬಳಿಕ ನಮಸ್ಕಾರಕ್ಕೆ ತಿರುಗಿ, ತಮ್ಮ ಸಂಸ್ಥಾನದ ಶಾಲೆಗಳಲ್ಲಿ ಅದನ್ನು ಜಾರಿಗೆ ತಂದರು. ಪುಸ್ತಕ ಬರೆದು ಪ್ರಚಾರ ಮಾಡಿದರು. 1938ರಲ್ಲಿ ಲಂಡನ್ನಿನಲ್ಲಿ ಅವರ ಪದ್ಧತಿಯ ಇಂಗ್ಲಿಷ್ ಕೈಪಿಡಿ ಹೊರಬಂದಿತು. ಔಂಧ್ ಇಂದಿನ ಸಾತಾರಾ ಜಿಲ್ಲೆಯಲ್ಲಿದ್ದರೂ ಸಂಸ್ಥಾನದ ಗುಣದಾಳ ಭಾಗ ವಿಜಾಪುರ ಸೀಮೆಯೊಳಗೆ, ಕನ್ನಡ ನೆಲದಲ್ಲಿತ್ತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಮರಾಠಿ ಸೀಮೆಯ ವ್ಯಾಯಾಮ ಚಳವಳಿಗೂ ಈ ಭಾಗಕ್ಕೂ ನಿಕಟ ಸಂಪರ್ಕವಿತ್ತು.

ಹಳೆಯ ಮೈಸೂರಿನಲ್ಲಿ ಇದೇ ಹೊತ್ತಿಗೆ ಬೇರೊಂದು ದಾರಿ ತೆರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲೇ ಪ್ರಕಟವಾಯಿತು. ಬೆಂಗಳೂರಿನ ದೇಹದಾರ್ಢ್ಯ ಪಟು, ಕಾದಂಬರಿಕಾರ ಕೆ.ವಿ. ಅಯ್ಯರ್ ಸೂರ್ಯನಮಸ್ಕಾರವನ್ನು ಯೋಗಾಸನಗಳ ಭಾಗವಾಗಿ ನೋಡದೆ ಸ್ವತಂತ್ರ ಅಂಗಸಾಧನೆಯಾಗಿ ಕಲಿಸಿದರು, ಅದರ ಮೇಲೆ ಪುಸ್ತಕವನ್ನೂ ಬರೆದರು. ಆಸನ ಮತ್ತು ನಮಸ್ಕಾರ ಎರಡೂ ಒಂದೇ ಯೋಗದ ಅಂಗಗಳು ಎಂಬ ಈಗಿನ ಎಣಿಕೆ ಆ ಕಾಲದಲ್ಲಿ ಇನ್ನೂ ಗಟ್ಟಿಯಾಗಿರಲಿಲ್ಲ. ಮುಂದೆ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಯೋಗ ಮತ್ತು ವ್ಯಾಯಾಮ ಶಿಬಿರಗಳ ಮೂಲಕ ಇಂಥ ಅಭ್ಯಾಸವನ್ನು ಅರಮನೆಯಿಂದ ದೂರದ ಜನಸಾಮಾನ್ಯರಿಗೆ ತಲುಪಿಸಿದರು.

ಈಚಿನ ದಶಕಗಳಲ್ಲಿ ಅಭ್ಯಾಸಕ್ಕೆ ಸಾರ್ವಜನಿಕ ಮೈದಾನಗಳು ವೇದಿಕೆಯಾಗಿವೆ. ಮಾಘ ಶುದ್ಧ ಸಪ್ತಮಿಯ ರಥಸಪ್ತಮಿಯಂದು ಕರ್ನಾಟಕದ ಹಲವು ಊರುಗಳಲ್ಲಿ ಸಾಮೂಹಿಕವಾಗಿ 108 ನಮಸ್ಕಾರ ಹಾಕುವ ರೂಢಿಯಿದೆ. 2023ರ ಜನವರಿಯಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ರಾಷ್ಟ್ರೀಯ ಯುವಜನೋತ್ಸವ ನಡೆದ ದಿನಗಳಲ್ಲೇ ರಾಜ್ಯದ ಜಿಲ್ಲೆಗಳಲ್ಲಿ ಯೋಗಥಾನ್ ಎಂಬ ಸಾಮೂಹಿಕ ಯೋಗ ಕಾರ್ಯಕ್ರಮ ಏರ್ಪಟ್ಟಿತ್ತು. ಜೂನ್ 21ರ ಅಂತರರಾಷ್ಟ್ರೀಯ ಯೋಗ ದಿನಕ್ಕೆ ಆಯುಷ್ ಸಚಿವಾಲಯ ರೂಪಿಸಿದ ಸಾಮಾನ್ಯ ಯೋಗ ಶಿಷ್ಟಾಚಾರದಲ್ಲಿ ಮಾತ್ರ ಸೂರ್ಯನಮಸ್ಕಾರ ಸೇರಿಲ್ಲ.

ಧಾರವಾಡ ಸೀಮೆ ಮತ್ತು ಗರಗ

ಈ ಅಭ್ಯಾಸ ಊರಿನ ಬದುಕಿಗೆ ಹೇಗೆ ಹೊಂದುತ್ತದೆ ಎಂಬುದಕ್ಕೆ ಗರಗ ಒಂದು ಉದಾಹರಣೆ. ಧಾರವಾಡ ತಾಲೂಕಿನ ದೊಡ್ಡ ಗ್ರಾಮಗಳಲ್ಲಿ ಒಂದಾದ ಇದು ಮಡಿವಾಳೇಶ್ವರ ಮಠಕ್ಕೂ, ರಾಷ್ಟ್ರಧ್ವಜದ ಖಾದಿ ಬಟ್ಟೆಗೂ ಹೆಸರಾದ ಊರು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿರುವ ಈ ಪ್ರದೇಶ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಬಿರುಬೇಸಿಗೆಯನ್ನು ಬಿಟ್ಟರೆ ವರ್ಷದ ಬಹುಪಾಲು ಮುಂಜಾವು ತಂಪಾಗಿರುತ್ತದೆ. ಸೂರ್ಯೋದಯ ಜೂನ್ ಆರಂಭದಲ್ಲಿ ಬೆಳಿಗ್ಗೆ 6ರ ಹೊತ್ತಿಗೆ, ಜನವರಿ ಕೊನೆಯಲ್ಲಿ 7ರ ಹೊತ್ತಿಗೆ ಆಗುತ್ತದೆ. ಹೀಗೆ ವರ್ಷದುದ್ದಕ್ಕೂ ವ್ಯತ್ಯಾಸ ಒಂದು ತಾಸು ಮಾತ್ರ. ಅಭ್ಯಾಸದ ಹೊತ್ತನ್ನು ಹೆಚ್ಚು ಬದಲಿಸಬೇಕಾಗುವುದಿಲ್ಲ.

ಗರಗದಂಥ ಊರಿಗೆ ಈ ವ್ಯಾಯಾಮ ಏಕೆ ಒಪ್ಪುತ್ತದೆ ಎಂಬುದಕ್ಕೆ ಅಲ್ಲಿನ ದುಡಿಮೆಯ ಸ್ವರೂಪವೇ ಒಂದು ಕಾರಣ. ಚರಕದ ಮುಂದೆ ಕೂತು ನೂಲುವವರ, ಮಗ್ಗದಲ್ಲಿ ನೇಯುವವರ ಬೆನ್ನು ತಾಸುಗಟ್ಟಲೆ ಮುಂದಕ್ಕೆ ಬಾಗಿರುತ್ತದೆ. ಹೆಗಲು ಮುಂದಕ್ಕೆ ಸರಿದಿರುತ್ತದೆ, ಕೈಗಳು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತಿರುತ್ತವೆ. ಕಳೆ ಕೀಳುವ, ಜೋಳ ಕೊಯ್ಯುವ ಕೂಲಿಕಾರರ ಬೆನ್ನೂ ಬಾಗಿಯೇ ಇರುತ್ತದೆ. ನಮಸ್ಕಾರದ ಸರಣಿಯಲ್ಲಿ ಬಾಗುವಿಕೆಗೆ ಪ್ರತಿಯಾಗಿ ಬೆನ್ನನ್ನು ಹಿಂದಕ್ಕೆ ಚಾಚುವ ಭಂಗಿಗಳು ಸಮಪ್ರಮಾಣದಲ್ಲಿ ಬರುತ್ತವೆ. ದುಡಿಮೆಯಲ್ಲಿ ಬಳಕೆಯಾಗದ ದಿಕ್ಕಿಗೆ ಕೀಲುಗಳನ್ನು ಚಲಿಸುವುದು ಬಿಗಿತ ಕಡಿಮೆ ಮಾಡುವ ಸಾಮಾನ್ಯ ಉಪಾಯ. ಹಾಗೆಂದು ದಿನವಿಡೀ ಹೊಲದಲ್ಲಿ ಮೈಮುರಿದು ದುಡಿದವರಿಗೆ ಇದು ಹೆಚ್ಚುವರಿ ಬೆವರಿನ ಕಸರತ್ತಾಗಬೇಕಿಲ್ಲ. ನಿಧಾನವಾದ ನಾಲ್ಕೈದು ಸುತ್ತು ಸಾಕು.

ದೈಹಿಕ ಪ್ರಯೋಜನ

ಸೂರ್ಯನಮಸ್ಕಾರಕ್ಕೆ ಬೇಕಾಗುವ ಶಕ್ತಿ ಅದನ್ನು ಮಾಡುವ ವೇಗದ ಮೇಲೆ ನಿಂತಿದೆ. ದೈಹಿಕ ಚಟುವಟಿಕೆಗಳ ಶಕ್ತಿವ್ಯಯವನ್ನು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಕೋಷ್ಟಕದ 2011ರ ಆವೃತ್ತಿ ಇದಕ್ಕೆ 3.3 ಮೆಟ್ ಎಂಬ ಅಂಕ ಕೊಟ್ಟಿದೆ. ಎಂದರೆ ಸುಮ್ಮನೆ ಕೂತಾಗ ಬೇಕಾಗುವುದರ ಮೂರು ಪಟ್ಟಿಗಿಂತ ತುಸು ಹೆಚ್ಚು; ಚುರುಕಿನ ನಡಿಗೆಗೆ ಸಮೀಪ. ಅದೇ ವರ್ಷ ಪ್ರಕಟವಾದ, ಅನುಭವಿಗಳಾದ ಆರು ಮಂದಿಯ ಮೇಲಿನ ಪುಟ್ಟ ಅಧ್ಯಯನವೊಂದರಲ್ಲಿ ಬಿಡುವಿಲ್ಲದೆ ಸುತ್ತುಗಳನ್ನು ಮಾಡಿದಾಗ ಹೃದಯದ ಬಡಿತ ವಯಸ್ಸಿನ ಗರಿಷ್ಠ ಮಿತಿಯ ಶೇ. 80ನ್ನು ದಾಟಿತು. ನಿಧಾನವಾಗಿ ಮಾಡಿದರೆ ಮಧ್ಯಮ ವ್ಯಾಯಾಮ, ಬಿರುಸಾಗಿ ಮಾಡಿದರೆ ಕಠಿಣ ವ್ಯಾಯಾಮ ಎಂಬುದು ಇದರ ಸಾರ.

ವೇಗದ ಪ್ರಶ್ನೆಯನ್ನೇ ಪುದುಚೇರಿಯ ಸಂಶೋಧಕರು 2011ರಲ್ಲಿ ಪರಿಶೀಲಿಸಿದರು. ಶಾಲಾಮಕ್ಕಳ ಎರಡು ಗುಂಪುಗಳಿಗೆ ಆರು ತಿಂಗಳು ಒಂದಕ್ಕೆ ನಿಧಾನವಾಗಿ, ಇನ್ನೊಂದಕ್ಕೆ ವೇಗವಾಗಿ ಸೂರ್ಯನಮಸ್ಕಾರ ಕಲಿಸಲಾಯಿತು. ನಿಧಾನದ ಅಭ್ಯಾಸದ ಫಲ ಯೋಗ ಸಾಧನೆಯ ಫಲವನ್ನೂ, ವೇಗದ ಅಭ್ಯಾಸದ ಫಲ ಸಾಮಾನ್ಯ ದೈಹಿಕ ತರಬೇತಿಯ ಫಲವನ್ನೂ ಹೋಲುತ್ತದೆ ಎಂಬುದು ಅವರ ತೀರ್ಮಾನ. ಸ್ನಾಯುಬಲವೂ ಶ್ವಾಸಬಲವೂ ಎರಡು ಬಗೆಯಲ್ಲೂ ಸುಧಾರಿಸಿದವು.

ಸ್ನಾಯುಗಳ ಲೆಕ್ಕದಲ್ಲಿ ನೋಡಿದರೆ ಅಷ್ಟಾಂಗ ನಮಸ್ಕಾರಕ್ಕೆ ಇಳಿಯುವಾಗ ಎದೆ, ಹೆಗಲು ಮತ್ತು ತೋಳಿನ ಹಿಂಭಾಗ ದೇಹದ ಭಾರ ಹೊರುತ್ತವೆ. ಭುಜಂಗಾಸನದಲ್ಲಿ ಬೆನ್ನೆಲುಬಿನ ಅಕ್ಕಪಕ್ಕದ ಸ್ನಾಯುಗಳು ಕೆಲಸ ಮಾಡುತ್ತವೆ. ಪರ್ವತಾಸನದಲ್ಲಿ ತೊಡೆಯ ಹಿಂಭಾಗ ಮತ್ತು ಮೀನಖಂಡ, ಅಶ್ವಸಂಚಲನದಲ್ಲಿ ಸೊಂಟದ ಮುಂಭಾಗ ಹಿಗ್ಗುತ್ತವೆ. ಸರಣಿಗೆ ಕೊರತೆಯೂ ಇದೆ. ನೂಕುವ ಚಲನೆ ಉಂಟು, ಎಳೆಯುವ ಚಲನೆ ಇಲ್ಲ. ಹೀಗಾಗಿ ಬೆನ್ನಿನ ಮೇಲ್ಭಾಗದ ಎಳೆಯುವ ಸ್ನಾಯುಗಳಿಗೆ ಸಾಕಷ್ಟು ಕೆಲಸ ಸಿಗದು. ಬಾವಿಯಿಂದ ನೀರು ಸೇದುವ ದುಡಿಮೆ ಅಥವಾ ಗರಡಿಯ ಹಗ್ಗ ಹತ್ತುವ ಸಾಧನೆ ಈ ಕೊರತೆಯನ್ನು ತುಂಬಬಲ್ಲದು. ಪಕ್ಕಕ್ಕೆ ಬಾಗುವುದು, ಸೊಂಟ ತಿರುಚುವುದು ಕೂಡ ಸರಣಿಯಲ್ಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮವನ್ನೂ, ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಬಲದ ಸಾಧನೆಯನ್ನೂ ಹೇಳುತ್ತದೆ. ದಿನಕ್ಕೆ 20 ನಿಮಿಷ ನಮಸ್ಕಾರ ಹಾಕುವವರು ವಾರಕ್ಕೆ 140 ನಿಮಿಷ ಮುಟ್ಟುತ್ತಾರೆ. ಸಂಜೆಯ ಸ್ವಲ್ಪ ನಡಿಗೆ ಸೇರಿದರೆ ಮೊದಲ ಅಂಶ ಪೂರ್ಣವಾಗುತ್ತದೆ, ಎರಡನೆಯದೂ ಬಹುಮಟ್ಟಿಗೆ ಕೈಗೂಡುತ್ತದೆ.

ಮಾನಸಿಕ ಪ್ರಯೋಜನ

ಮನಸ್ಸಿನ ಮೇಲಿನ ಪರಿಣಾಮಕ್ಕೆ ಎರಡು ಹಾದಿಗಳಿವೆ. ಮೊದಲನೆಯದು ಯಾವುದೇ ನಿಯಮಿತ ವ್ಯಾಯಾಮಕ್ಕೂ ಸಾಮಾನ್ಯವಾದದ್ದು: ನಿದ್ದೆ ಸುಧಾರಿಸುತ್ತದೆ, ಆತಂಕ ಮತ್ತು ಖಿನ್ನತೆಯ ಲಕ್ಷಣಗಳು ತಗ್ಗುತ್ತವೆ. ಎರಡನೆಯದು ಉಸಿರಿನದು. ಉಸಿರಾಟ ನಿಮಿಷಕ್ಕೆ ಆರರ ಸುಮಾರಿಗೆ ಇಳಿದಾಗ ಹೃದಯಬಡಿತ ಮತ್ತು ರಕ್ತದೊತ್ತಡದ ಏರಿಳಿತಗಳು ಪರಸ್ಪರ ಹೊಂದಿಕೊಳ್ಳುತ್ತವೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದು ಜಪಮಾಲೆಯ ಪ್ರಾರ್ಥನೆಯೂ ಬೌದ್ಧ ಮಂತ್ರಪಠಣವೂ ಉಸಿರನ್ನು ಇದೇ ಗತಿಗೆ ತರುತ್ತವೆ ಎಂದು ತೋರಿಸಿತು. ಪ್ರತಿ ಭಂಗಿಯಲ್ಲಿ ಒಂದು ದೀರ್ಘ ಉಸಿರಿನಷ್ಟು ಹೊತ್ತು ನಿಂತು ನಿಧಾನವಾಗಿ ಮಾಡುವ ನಮಸ್ಕಾರ ಈ ಗತಿಗೆ ಹತ್ತಿರ ಬರುತ್ತದೆ. ಎಣಿಕೆ ಮುಗಿಸುವ ಆತುರದಲ್ಲಿ ಮಾಡಿದರೆ ಬರುವುದಿಲ್ಲ.

ಯೋಗ ಮತ್ತು ಮಾನಸಿಕ ಆರೋಗ್ಯದ ಕುರಿತು ಭಾರತದಲ್ಲಿ ನಡೆದಿರುವ ಮುಖ್ಯ ಸಂಶೋಧನೆಯಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಪಾಲು ದೊಡ್ಡದು. ಚಿಕಿತ್ಸೆಯಲ್ಲಿರುವ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಔಷಧದ ಜತೆ ಯೋಗಾಭ್ಯಾಸ ಕೊಟ್ಟಾಗ, ಬರಿಯ ವ್ಯಾಯಾಮ ಮಾಡಿದವರಿಗಿಂತ ಸಾಮಾಜಿಕ ವ್ಯವಹಾರ ಮತ್ತು ಜೀವನ ಗುಣಮಟ್ಟ ಹೆಚ್ಚು ಸುಧಾರಿಸಿದುದನ್ನು ಅಲ್ಲಿನ ತಂಡ 2007ರಲ್ಲಿ ವರದಿ ಮಾಡಿತು. 2013ರ ಇನ್ನೊಂದು ಅಧ್ಯಯನ ಖಿನ್ನತೆಯ ರೋಗಿಗಳಲ್ಲಿ ಯೋಗದ ಪರಿಣಾಮವನ್ನು, ಮಿದುಳಿನ ನರಕೋಶಗಳನ್ನು ಪೋಷಿಸುವ ಪ್ರೋಟೀನೊಂದರ ಮಟ್ಟದೊಡನೆ ಸೇರಿಸಿ ನೋಡಿತು. ಇಂಥ ಅಧ್ಯಯನಗಳಲ್ಲಿ ಆಸನ, ಪ್ರಾಣಾಯಾಮ, ವಿಶ್ರಾಂತಿ ಎಲ್ಲ ಸೇರಿರುತ್ತವೆ. ಆದ್ದರಿಂದ ಫಲದಲ್ಲಿ ಸೂರ್ಯನಮಸ್ಕಾರದ ಪಾಲು ಇಷ್ಟೇ ಎಂದು ಬಿಡಿಸಿ ಹೇಳಲಾಗದು. ಅದು ಔಷಧಕ್ಕೆ ಬದಲಿಯೂ ಅಲ್ಲ. ಚಿಕಿತ್ಸೆಯ ಜತೆ ನಡೆಯುವ ಪೂರಕ.

ಬಯಲಿನ ಪಾತ್ರ

ಅದೇ ವ್ಯಾಯಾಮವನ್ನು ನಾಲ್ಕು ಗೋಡೆಗಳ ನಡುವೆ ಮಾಡದೆ ಹೊರಗೆ ಮಾಡಿದರೆ ಏನು ಹೆಚ್ಚು ಸಿಗುತ್ತದೆ? ಉತ್ತರದಲ್ಲಿ ಬೆಳಕಿಗೆ ಮೊದಲ ಸ್ಥಾನ. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ. ಹೊತ್ತು ಮೂಡಿ ಸ್ವಲ್ಪ ಸಮಯದಲ್ಲೇ ಬಯಲಿನ ಬೆಳಕು ಸಾವಿರಾರು ಲಕ್ಸ್ ಮುಟ್ಟುತ್ತದೆ, ಬಿಸಿಲೇರಿದಂತೆ 10,000 ಲಕ್ಸ್ ದಾಟುತ್ತದೆ. ಕಣ್ಣಿನ ಅಕ್ಷಿಪಟಲದಲ್ಲಿ ನೋಟಕ್ಕಲ್ಲದೆ ಬೆಳಕನ್ನು ಅಳೆಯುವುದಕ್ಕೇ ಮೀಸಲಾದ ಕೋಶಗಳಿವೆ ಎಂಬುದು 2002ರಲ್ಲಿ ಖಚಿತವಾಯಿತು. ಅವು ಮಿದುಳಿನ ಜೈವಿಕ ಗಡಿಯಾರಕ್ಕೆ ಸಂಕೇತ ಕಳಿಸುತ್ತವೆ. ಬೆಳಗಿನ ಬೆಳಕು ಈ ಗಡಿಯಾರವನ್ನು ಮುಂದಕ್ಕೆ ತರುವುದರಿಂದ ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತದೆ.

ಎಳೆಬಿಸಿಲಿನಿಂದ ವಿಟಮಿನ್ ಡಿ ಸಿಗುತ್ತದೆ ಎಂಬ ಪ್ರಚಲಿತ ನಂಬಿಕೆ ತಪ್ಪು. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ನೇರಳಾತೀತ ಬಿ ಕಿರಣಗಳು ಸೂರ್ಯ ದಿಗಂತದ ಬಳಿ ಇರುವಾಗ ವಾತಾವರಣವನ್ನು ದಾಟಿ ಬರುವುದೇ ಅಪರೂಪ. ಬೆಳಿಗ್ಗೆ ಸುಮಾರು 10ರಿಂದ ಮಧ್ಯಾಹ್ನ 3ರವರೆಗಿನ ಬಿಸಿಲಿನಲ್ಲಷ್ಟೇ ಅವು ಸಾಕಷ್ಟು ಇರುತ್ತವೆ. ಎಳೆಬಿಸಿಲಿನ ನಮಸ್ಕಾರದಿಂದ ಲಾಭವಾಗುವುದು ನಿದ್ದೆಗೆ, ವಿಟಮಿನ್ನಿಗೆ ಅಲ್ಲ. ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿ ನೋಡುವುದಂತೂ ಅಕ್ಷಿಪಟಲಕ್ಕೆ ಶಾಶ್ವತ ಹಾನಿ ಮಾಡಬಲ್ಲದು.

ಹಸಿರಿನ ನಡುವೆ ಮಾಡುವ ವ್ಯಾಯಾಮ ಮನಸ್ಥಿತಿಯನ್ನು ಹೆಚ್ಚು ಉಲ್ಲಾಸಗೊಳಿಸುತ್ತದೆ ಎಂಬುದಕ್ಕೆ ಒಂದಿಷ್ಟು ಪುರಾವೆಯಿದೆ. ಒಳಾಂಗಣ ಮತ್ತು ಹೊರಾಂಗಣ ವ್ಯಾಯಾಮವನ್ನು ಹೋಲಿಸಿದ 11 ಪ್ರಯೋಗಗಳನ್ನು 2011ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಹೊರಗೆ ಮಾಡಿದವರಲ್ಲಿ ಚೈತನ್ಯದ ಭಾವ ಹೆಚ್ಚು, ಉದ್ವೇಗ ಮತ್ತು ಸಿಟ್ಟು ಕಡಿಮೆ ಎಂದು ಕಂಡಿತು. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿದ 2019ರ ಅಧ್ಯಯನದಲ್ಲಿ ವಾರಕ್ಕೆ 120 ನಿಮಿಷವಾದರೂ ನಿಸರ್ಗದಲ್ಲಿ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳಿಕೊಂಡದ್ದು ಹೆಚ್ಚು. ಆರೋಗ್ಯವಂತರೇ ಹೊರಗೆ ಹೆಚ್ಚು ಹೋಗುತ್ತಿರಬಹುದಾದ್ದರಿಂದ ನಿಸರ್ಗವೇ ಇದಕ್ಕೆ ಕಾರಣವೆಂದು ಒಮ್ಮೆಲೇ ಒಪ್ಪುವಂತಿಲ್ಲ. ನಾಲ್ಕು ಜನ ಒಂದೆಡೆ ಕೂಡುವುದರಿಂದ ಅಭ್ಯಾಸ ತಪ್ಪದೆ ನಡೆಯುತ್ತದೆ ಎಂಬುದು ಬಯಲಿನ ಇನ್ನೊಂದು ಅನುಕೂಲ.

ತಾಯ್ ಚಿಯೊಡನೆ ಹೋಲಿಕೆ

ತಾಯ್ ಚಿ 17ನೆಯ ಶತಮಾನದಲ್ಲಿ ಚೀನಾದ ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ ರೂಪುಗೊಂಡಿತೆಂದು ಬಹುಮಂದಿ ಒಪ್ಪುವ ಕದನಕಲೆ. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಅದನ್ನು 24 ಭಂಗಿಗಳಿಗೆ ಸರಳಗೊಳಿಸಿ ಜನಸಾಮಾನ್ಯರ ವ್ಯಾಯಾಮವನ್ನಾಗಿಸಿತು. 2020ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾದಾಟದ ಸಾಧನೆಯೊಂದು ಆರೋಗ್ಯದ ಸಾಧನೆಯಾಗಿ ಬದಲಾದ ಅದರ ಕಥೆಗೂ ಗರಡಿಯ ದಂಡ ನಮಸ್ಕಾರದೊಳಗೆ ಸೇರಿದ ಬಗೆಗೂ ಸಾಮ್ಯವಿದೆ.

ಪ್ರಯೋಜನದಲ್ಲಿ ಎರಡೂ ಒಂದಕ್ಕೊಂದು ಬದಲಿಯಲ್ಲ. ತಾಯ್ ಚಿಯಲ್ಲಿ ದೇಹ ನೆಟ್ಟಗೇ ಇರುತ್ತದೆ. ಮೊಣಕಾಲು ತುಸು ಮಡಿಸಿ, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಿಸುತ್ತಾರೆ. ಸಮತೋಲನಕ್ಕೆ ಇದು ನೇರ ತರಬೇತಿ. ಪಾರ್ಕಿನ್ಸನ್ ಕಾಯಿಲೆಯ 195 ರೋಗಿಗಳ ಮೇಲೆ ಅಮೆರಿಕದ ಓರೆಗಾನ್‌ನಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 24 ವಾರಗಳ ತಾಯ್ ಚಿ ಸಮತೋಲನವನ್ನು ಸುಧಾರಿಸಿತು. 70 ದಾಟಿದ 670 ಹಿರಿಯರ ಮೇಲಿನ 2018ರ ಪ್ರಯೋಗದಲ್ಲಿ, ಬರಿಯ ಮೈಚಾಚುವ ವ್ಯಾಯಾಮ ಮಾಡಿದವರಿಗೆ ಹೋಲಿಸಿದರೆ ತಾಯ್ ಚಿ ಮಾಡಿದವರು ಬೀಳುವ ಪ್ರಮಾಣ ಶೇ. 58ರಷ್ಟು ಕಡಿಮೆಯಿತ್ತು. ಸೂರ್ಯನಮಸ್ಕಾರಕ್ಕೆ ಇಂಥ ದೊಡ್ಡ ಪ್ರಯೋಗಗಳ ಬೆಂಬಲವಿಲ್ಲ. ನೆಲಕ್ಕಿಳಿದು ಏಳುವುದು, ಮಣಿಕಟ್ಟಿನ ಮೇಲೆ ಭಾರ ಹಾಕುವುದು ಇಳಿವಯಸ್ಸಿನ ಅನೇಕರಿಗೆ ಕಷ್ಟ. ಎಳೆಯರ ತೋಳು, ಎದೆ, ಬೆನ್ನಿನ ಬಲಕ್ಕೆ ನಮಸ್ಕಾರ ಹೆಚ್ಚು ಒದಗುತ್ತದೆ. ಹಿರಿಯರಿಗೆ ತಾಯ್ ಚಿ, ಅಥವಾ ಗೋಡೆ ಹಿಡಿದು ಒಂಟಿಗಾಲಲ್ಲಿ ನಿಲ್ಲುವಂಥ ಸಮತೋಲನದ ಅಭ್ಯಾಸ ಮೇಲು. ಕುರ್ಚಿಯ ಮೇಲೆ ಕೂತು ಮಾಡುವ ನಮಸ್ಕಾರದ ರೂಪಾಂತರವೂ ಬಳಕೆಯಲ್ಲಿದೆ.

ಋತುಮಾನ ಮತ್ತು ನೆಲ

ಧಾರವಾಡ ಸೀಮೆಯಲ್ಲಿ ಬಯಲ ಅಭ್ಯಾಸಕ್ಕೆ ಅಕ್ಟೋಬರಿನಿಂದ ಮಾರ್ಚ್‌ವರೆಗಿನ ತಿಂಗಳುಗಳು ಅತ್ಯುತ್ತಮ. ಏಪ್ರಿಲ್, ಮೇ ತಿಂಗಳಲ್ಲಿ ಸೂರ್ಯೋದಯದ ಹೊತ್ತಿಗೇ ಆರಂಭಿಸಿ ಬಿಸಿಲೇರುವ ಮೊದಲು ಮುಗಿಸುವುದು ಲೇಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆ. ಯೋಗ ದಿನ ಬರುವುದೂ ಈ ಮಳೆಗಾಲದ ಆರಂಭದಲ್ಲೇ. ಆಗ ಪಡಸಾಲೆ, ಸಮುದಾಯ ಭವನಗಳ ಆಸರೆ ಬೇಕಾಗುತ್ತದೆ.

ನೆಲದ ಗುಣವೂ ಮುಖ್ಯ. ಎರೆಮಣ್ಣು ತೊಯ್ದಾಗ ಅಂಟುತ್ತದೆ, ಜಾರುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಸಮತಟ್ಟಾದ ಕಣ, ಶಾಲೆಯ ಮೈದಾನ ಅಥವಾ ಗುಡಿಯ ಮುಂದಿನ ಕಲ್ಲುಹಾಸು ಅಂಗೈ ಊರಲು ತಕ್ಕವು. ಕಲ್ಲುಹಾಸಿನ ಮೇಲೆ ಜಮಖಾನೆ ಹಾಸಿದರೆ ಮೊಣಕಾಲು, ಗದ್ದಕ್ಕೆ ಪೆಟ್ಟಾಗದು. ಚಳಿಗಾಲದ ಮುಂಜಾವಿನಲ್ಲಿ ತಂಪುಗಾಳಿ ನೆಲದ ಬಳಿಯೇ ನಿಂತು ಒಲೆಯ ಹೊಗೆಯನ್ನೂ ವಾಹನಗಳ ಹೊಗೆಯನ್ನೂ ಹಿಡಿದಿಡುತ್ತದೆ. ಹೆದ್ದಾರಿಯ ಅಂಚು, ಕಸ ಸುಡುವ ಜಾಗ, ಸುಗ್ಗಿಯಲ್ಲಿ ರಾಶಿ ಮಾಡುವ ಯಂತ್ರದ ಧೂಳು ಇವುಗಳಿಂದ ದೂರವಿದ್ದರಷ್ಟೇ ದೀರ್ಘ ಉಸಿರಾಟದಿಂದ ಲಾಭ.

ಎಚ್ಚರಿಕೆ

ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರು ತಲೆ ಕೆಳಗಾಗುವ ಭಂಗಿಗಳನ್ನು ವೈದ್ಯರ ಸಲಹೆಯಿಲ್ಲದೆ ಮಾಡಬಾರದು. ಗ್ಲಾಕೋಮಾ ಇರುವವರಿಗೂ ಇದೇ ಮಾತು. ಪರ್ವತಾಸನದಂಥ ಭಂಗಿಯಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಬೆನ್ನಿನ ಡಿಸ್ಕ್ ಸರಿದವರು, ಹರ್ನಿಯಾ ಇರುವವರು, ಈಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ಇದನ್ನು ಇದ್ದ ರೂಪದಲ್ಲೇ ಮಾಡುವಂತಿಲ್ಲ. ಎಲುಬು ಸವೆದವರಿಗೆ ಪೂರ್ತಿ ಮುಂದಕ್ಕೆ ಬಾಗುವುದು ಅಪಾಯ. ಮಣಿಕಟ್ಟು ನೋಯುವವರು ಮುಷ್ಟಿ ಕಟ್ಟಿ ಅಥವಾ ಮೊಣಕೈ ಊರಿ ಮಾಡಬಹುದು.

ಹೊಸಬರು ದಿನಕ್ಕೆ ಎರಡು ಮೂರು ಸುತ್ತಿನಿಂದ ತೊಡಗಿ, ವಾರಕ್ಕೆ ಒಂದೆರಡರಂತೆ ಹೆಚ್ಚಿಸುತ್ತ 12ಕ್ಕೆ ಬರುವುದು ವಾಡಿಕೆ. ವರ್ಷವಿಡೀ ಅಭ್ಯಾಸವಿಲ್ಲದೆ ರಥಸಪ್ತಮಿಯಂದು ಒಮ್ಮೆಲೇ 108 ಹಾಕಿದರೆ ಹೆಗಲು, ಮಣಿಕಟ್ಟು, ಸೊಂಟ ಹಿಡಿದುಕೊಳ್ಳುವುದು ಸಹಜ. ಅಭ್ಯಾಸದ ನಡುವೆ ಎದೆನೋವು, ತಲೆಸುತ್ತು ಅಥವಾ ಮಾತಾಡಲಾರದಷ್ಟು ಏದುಸಿರು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸರಣಿ ಮುಗಿದ ಮೇಲೆ ಎರಡು ಮೂರು ನಿಮಿಷ ಶವಾಸನದಲ್ಲಿ ಮಲಗಿ ಉಸಿರು ಸಹಜಸ್ಥಿತಿಗೆ ಬಂದ ನಂತರವೇ ಏಳುವುದು ಕ್ರಮ.